ಜಾಣ ಮರಿ ಅಳಬಾರದು

ಅಳುವ ಮಗುವಿನ ಎದುರಿನಲ್ಲಿ ದೊಡ್ಡವರಿಗೆ ಆಗುವ ಕಸಿವಿಸಿ ಅಷ್ಟಿಷ್ಟಲ್ಲ. ತಾಯಿ ಆಸ್ಪತ್ರೆ ಸೇರಿರಲಿ, ತಂದೆಗೆ ದೂರದೂರಿಗೆ ವರ್ಗವಾಗಿರಲಿ, ಇದ್ದ ಮನೆಯನ್ನೇ ತೊರೆದು ಹೊರಡಬೇಕಾಗಿ ಬಂದಿರಲಿ, ಮಗುವಿನ ಕಿವಿಗೆ ಮೊದಲು ಬೀಳುವ ಮಾತು ಒಂದೇ: “ಜಾಣ ಮರಿ ಅಳಬಾರದು.” ಕನ್ನಡದ ಮನೆಗಳಲ್ಲಿ ಈ ಮಾತು ಅಕ್ಕರೆಯಿಂದಲೇ ಹೊರಡುತ್ತದೆಂಬುದನ್ನು ಯಾರೂ ಅಲ್ಲಗಳೆಯಲಾರರು. ಆದರೆ ಅದರಿಂದ ಸಮಾಧಾನವಾಗುವುದು ಯಾರಿಗೆ, ಮಗುವಿಗೋ ಹಿರಿಯರಿಗೋ? ಈ ಪ್ರಶ್ನೆಗೆ ಕಣ್ಣಿಗೆ ಕಟ್ಟುವಂಥ ಉತ್ತರ ದೊರೆತದ್ದು ಎರಡನೆಯ ಮಹಾಯುದ್ಧದ ಲಂಡನ್ನಿನಲ್ಲಿ.

1939ರ ಸೆಪ್ಟೆಂಬರ್ 1ರಂದು, ಯುದ್ಧ ಘೋಷಣೆಗೆ ಎರಡು ದಿನ ಮುಂಚೆ, ಬ್ರಿಟನ್ ಸರ್ಕಾರ ದೊಡ್ಡ ನಗರಗಳ ಮಕ್ಕಳನ್ನು ಹಳ್ಳಿಗಾಡಿಗೆ ಸಾಗಿಸತೊಡಗಿತು. ಕೆಲವೇ ದಿನಗಳಲ್ಲಿ ಸುಮಾರು 15 ಲಕ್ಷ ಮಂದಿ ಊರು ಬಿಟ್ಟರು. ಅವರಲ್ಲಿ ಅರ್ಧಕ್ಕೂ ಹೆಚ್ಚು ಮಂದಿ ತಾಯಿತಂದೆಯರ ಜೊತೆಯಿಲ್ಲದೆ ಹೊರಟ ಶಾಲಾಮಕ್ಕಳು. ಅಂಗಿಗೆ ಕಟ್ಟಿದ ಹೆಸರಿನ ಚೀಟಿ, ಹೆಗಲಿನಲ್ಲಿ ವಿಷಾನಿಲದ ಮುಖವಾಡದ ಪೆಟ್ಟಿಗೆ. ಆದರೆ ತಿಂಗಳುಗಳುರುಳಿದರೂ ಬಾಂಬು ಬೀಳಲಿಲ್ಲ; 1940ರ ಜನವರಿಯ ವೇಳೆಗೆ ಹೆಚ್ಚುಕಡಿಮೆ ಅರ್ಧದಷ್ಟು ಮಕ್ಕಳು ಮನೆಗೆ ಮರಳಿದ್ದರು. ಕಾಗದದ ಮೇಲೆ ಲೆಕ್ಕ ಹಾಕಿದವರಿಗೆ ಇದು ಅವಿವೇಕವಾಗಿ ಕಂಡಿರಬಹುದು. ಹೆತ್ತ ಕರುಳಿನ ಲೆಕ್ಕವೇ ಬೇರೆ.

ಆ ವರ್ಷದ ಸೆಪ್ಟೆಂಬರ್ 7ರಿಂದ ಮರುವರ್ಷದ ಮೇ ತಿಂಗಳವರೆಗೂ ಲಂಡನ್ನಿನ ಮೇಲೆ ಬಾಂಬಿನ ಮಳೆ ಸುರಿಯಿತು. ಈ ನಡುವೆ, 1941ರ ಆರಂಭದಲ್ಲಿ, ಆನಾ ಫ್ರಾಯ್ಡ್ ಅವರು ಅಮೆರಿಕದ ಗೆಳತಿ ಡೊರೊತಿ ಬರ್ಲಿಂಗ್‌ಹ್ಯಾಮರೊಡನೆ ಹ್ಯಾಂಪ್‌ಸ್ಟೆಡ್ ಬಡಾವಣೆಯಲ್ಲಿ ಒಂದು ಶಿಶುಗೃಹವನ್ನು ತೆರೆದರು. ಆನಾ ಸುಪ್ರಸಿದ್ಧ ಸಿಗ್ಮಂಡ್ ಫ್ರಾಯ್ಡರ ಮಗಳು; 1938ರಲ್ಲಿ ನಾಜಿಗಳಿಂದ ಪಾರಾಗಿ ತಂದೆಯೊಡನೆ ವಿಯೆನ್ನಾ ತೊರೆದು ಬಂದವರು. ಮನೆ ಕಳೆದುಕೊಳ್ಳುವುದೆಂದರೇನೆಂದು ಅವರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಅಲ್ಲಿ ಅವರು ಕಂಡ ಸಂಗತಿ ವಿಚಿತ್ರವಾಗಿತ್ತು. ತಾಯಿ ಪಕ್ಕದಲ್ಲಿದ್ದು ನೆಮ್ಮದಿಯಾಗಿದ್ದರೆ ಬಾಂಬಿನ ಸದ್ದಿಗೆ ಹಸುಳೆಗಳು ಅಷ್ಟಾಗಿ ಕಂಗೆಡುತ್ತಿರಲಿಲ್ಲ. ತಾಯಿ ನಡುಗಿದರೆ ತಾವೂ ನಡುಗುತ್ತಿದ್ದವು. ಅವುಗಳನ್ನು ನಿಜವಾಗಿ ಕದಲಿಸಿದ್ದು ಸಿಡಿಮದ್ದಲ್ಲ, ಅಗಲಿಕೆ.

ಮೂರು ವರ್ಷ ದಾಟಿದ ಒಬ್ಬ ಹುಡುಗನ ಕಥೆಯನ್ನು ಅವರಿಬ್ಬರೂ ಬರೆದಿಟ್ಟಿದ್ದಾರೆ. ಅತ್ತರೆ ನೋಡಲು ಬರುವುದಿಲ್ಲವೆಂದು ತಾಯಿ ಅವನಿಗೆ ಹೇಳಿ ಹೋಗಿದ್ದಳು. ಪಾಪ, ಅವನು ಅಳಲಿಲ್ಲ. ಅದರ ಬದಲು ಕಂಡಕಂಡವರ ಮುಂದೆ ತಲೆಯಾಡಿಸುತ್ತ, ಅಮ್ಮ ಬರುತ್ತಾಳೆ, ಕೋಟು ತೊಡಿಸಿ ಮನೆಗೆ ಕರೆದೊಯ್ಯುತ್ತಾಳೆ ಎಂದು ಹೇಳತೊಡಗಿದ. ಕೇಳಿದವರು ನಂಬಿದರೆ ತೃಪ್ತಿ. ಅಲ್ಲವೆಂದರೆ ಮಾತ್ರ ತಡೆಯಲಾರದ ಅಳು. ದಿನ ಕಳೆದಂತೆ ಉಡುಪಿನ ಪಟ್ಟಿ ಬೆಳೆಯಿತು: ಕೋಟಿನ ಜೊತೆಗೆ ಕಾಲಿಗೆ ಲೆಗ್ಗಿಂಗ್, ಎಳೆಯಬೇಕಾದ ಜಿಪ್ಪು (ಜಿಪ್ಪೆಂಬುದು ಸಕಲ ದೇಶದ ಮಕ್ಕಳಿಗೂ ಘನವಾದ ವಸ್ತು), ಕೊನೆಗೆ ಚೂಪು ತುದಿಯ ಕುಲಾವಿ. ಕೇಳಿ ಕೇಳಿ ಬೇಸತ್ತ ಯಾರೋ ಇದನ್ನು ನಿಲ್ಲಿಸಬಾರದೇ ಎಂದರು. ವಿಧೇಯ ಬಾಲಕ ನಿಲ್ಲಿಸಿದ. ಆದರೆ ತುಟಿಗಳು ಅಲುಗುತ್ತಲೇ ಇದ್ದವು. ಕೈಗಳು ಇಲ್ಲದ ಕೋಟನ್ನು ತೊಟ್ಟವು, ಇಲ್ಲದ ಜಿಪ್ಪನ್ನು ಎಳೆದವು. ಬರಬರುತ್ತ ಆ ಅಭಿನಯವೂ ಕುಗ್ಗಿ, ಬೆರಳುಗಳ ಸಣ್ಣ ಮಿಡುಕಾಟವಷ್ಟೇ ಉಳಿಯಿತು. ಉಳಿದ ಮಕ್ಕಳು ಆಡುತ್ತಿದ್ದಾಗ ಅವನು ಒಂದು ಮೂಲೆಯಲ್ಲಿ ನಿಂತಿರುತ್ತಿದ್ದ.

ಹೊರಗಿನಿಂದ ನೋಡಿದವರಿಗೆ ಅದು ಗಲಾಟೆಯಿಲ್ಲದ, ಹೇಳಿದ ಮಾತು ಕೇಳುವ ಮಗು. ತಾಯಿ ಜ್ವರದಿಂದ ಎದ್ದು ಶಿಶುಗೃಹದಲ್ಲಿಯೇ ಬಂದು ನೆಲೆಸಿದ ಮೇಲೆ ಬೆರಳಾಟ ನಿಂತಿತು. ಅವಳು ಒಂದು ಕ್ಷಣ ಮರೆಯಾದರೂ ಹುಡುಗ ಕೋಣೆ ಕೋಣೆಯ ಬಾಗಿಲು ತೆರೆದು ಹುಡುಕುತ್ತಿದ್ದ.

ಶಿಶುಗೃಹದವರು ತಾಯ್ತಂದೆಯರು ಯಾವ ಹೊತ್ತಿಗಾದರೂ ಬಂದು ಮಗುವನ್ನು ನೋಡಬಹುದೆಂದು ಬಾಗಿಲು ತೆರೆದಿಟ್ಟರು. ನಾಲ್ಕೈದು ಮಕ್ಕಳಿಗೆ ಒಬ್ಬಳಂತೆ ಸಾಕುತಾಯಿಯನ್ನು ಗೊತ್ತುಮಾಡಿದರು. ಅದರ ಫಲವಾಗಿ ಮೊದಲು ಹೆಚ್ಚಿದ್ದು ಶಾಂತಿಯಲ್ಲ: ಅಳು, ಹಟ, ಹೊಟ್ಟೆಕಿಚ್ಚು! ಆ ಬಿರುಗಾಳಿ ಅಡಗಿದ ಬಳಿಕ ಹಿಂದುಳಿದಿದ್ದ ಮಾತು, ಅಭ್ಯಾಸಗಳು ದಾಪುಗಾಲಿಟ್ಟು ಬೆಳೆದವು. ತನ್ನವರೆನ್ನುವ ಒಬ್ಬರು ದೊರೆತಾಗಲಷ್ಟೇ ಮಗು ಅಳುವ ಧೈರ್ಯ ಮಾಡುತ್ತದೆಂಬುದು ಶಿಸ್ತಿನ ಉಪಾಸಕರಿಗೆ ಸುಲಭವಾಗಿ ರುಚಿಸುವ ಸತ್ಯವಲ್ಲ.

ಇಲ್ಲಿಯ ಮನೆಗಳಲ್ಲಿಯೂ ಮಗು ನಿದ್ದೆಹೋದಾಗ ಕಣ್ಣು ತಪ್ಪಿಸಿ ಹೊರಟುಬಿಡುವ ಪದ್ಧತಿಯುಂಟು. ರಂಪ ತಪ್ಪುತ್ತದೆ, ನಿಜ. ಆದರೆ ಎದ್ದ ಮಗು ಮರುದಿನದಿಂದ ನಿದ್ದೆಯನ್ನೇ ನಂಬದು. ದೊಡ್ಡವರಿಗೇ ನಾಳೆಯ ದಾರಿ ಕಾಣದಿದ್ದಾಗ ಸಂಕಟ ಇನ್ನೂ ಹೆಚ್ಚು. 2020ರ ಮಾರ್ಚ್ ತಿಂಗಳಲ್ಲಿ ಕೊರೊನಾ ಸೋಂಕಿನ ಕಾರಣ ಕರ್ನಾಟಕದ ಶಾಲೆಗಳು ಮುಚ್ಚಿದವು. ಒಂದರಿಂದ ಐದನೆಯ ತರಗತಿಯವರೆಗಿನ ಮಕ್ಕಳಿಗೆ ತರಗತಿಗಳು ಮತ್ತೆ ಆರಂಭವಾದದ್ದು 2021ರ ಅಕ್ಟೋಬರ್ 25ರಂದು. ಅಷ್ಟು ದೀರ್ಘಕಾಲ, ಶಾಲೆ ಎಂದು ತೆರೆಯುತ್ತದೆಂದು ಕೇಳುತ್ತಲೇ ಇದ್ದ ಮಗುವಿಗೆ “ಮುಂದಿನ ವಾರ” ಎಂದು ಹೇಳಿ ಪಾರಾದ ಹಿರಿಯರಿದ್ದರು. “ಗೊತ್ತಿಲ್ಲ ಕಂದ, ತಿಳಿದ ದಿನ ನಿನಗೇ ಮೊದಲು ಹೇಳುತ್ತೇನೆ” ಎಂದವರೂ ಇದ್ದರು. ಇವರಿಗೆ ಮರುದಿನ ಬೆಳಗ್ಗೆ ಅದೇ ಪ್ರಶ್ನೆಯನ್ನು, ಬೇಸರಪಡದೆ, ಮತ್ತೊಮ್ಮೆ ಕೇಳಿಸಿಕೊಳ್ಳುವ ಕೆಲಸವಿತ್ತು.