ಹಕಾರ ಬಿಟ್ಟು ಹಾಡಿದವರು

ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸಿ ನಿವೃತ್ತನಾದವನೊಬ್ಬ, ಬೇಕೆಂದೇ ಕಾಗುಣಿತ ಕೆಡಿಸಿ ಬರೆದ ನಾಲ್ವರು ಹಾಡುಗಾರರನ್ನು ಮೆಚ್ಚಿ ಬರೆಯುತ್ತಿದ್ದಾನೆಂದರೆ ನನ್ನ ಹಳೆಯ ವಿದ್ಯಾರ್ಥಿಗಳಿಗೆ ಆಶ್ಚರ್ಯವಾಗಬಹುದು. ಆ ನಾಲ್ವರು 1970ರ ದಶಕದ ಬ್ರಿಟನ್ನಿನ ‘ಸ್ಲೇಡ್’ ಎಂಬ ತಂಡದವರು. ಹೊಳೆಯುವ ಉಡುಪು, ಎತ್ತರದ ಹಿಮ್ಮಡಿಯ ಬೂಟು, ಮುಖಕ್ಕೆ ಮಿನುಗು ಬಳಿದುಕೊಂಡು ಹಾಡುವ ‘ಗ್ಲ್ಯಾಮ್ ರಾಕ್’ ಎಂಬ ಪಂಥವೊಂದು ಆಗ ಅಲ್ಲಿ ಹುಟ್ಟಿತ್ತು. ಆ ಪಂಥದ ಜನರಲ್ಲಿ ಅತಿ ಹೆಚ್ಚು ಸದ್ದು ಮಾಡಿದವರು ಇವರು. ಇಂಗ್ಲೆಂಡಿನಲ್ಲಿ ನೆಲೆಸಿರುವ ನನ್ನ ವಿದ್ಯಾರ್ಥಿಯೊಬ್ಬ, ಡಿಸೆಂಬರ್ ತಿಂಗಳಿನಲ್ಲಿ ಯಾವ ಅಂಗಡಿಗೆ ಹೋದರೂ ಇವರದೇ ಒಂದು ಹಾಡು ಕಿವಿಗೆ ಬೀಳುತ್ತದೆಂದು ಬರೆದ ಮೇಲೆ, ನಿವೃತ್ತಿಯ ಬಿಡುವಿನಲ್ಲಿ ಇವರ ಕಥೆಯನ್ನು ಹುಡುಕಿ ಓದಿದೆ, ಹಾಡುಗಳನ್ನು ಕೇಳಿದೆ. ನಮ್ಮ ತರಗತಿಗಳಿಗೂ ಸಂಬಂಧಿಸಿದ ಒಂದು ಮಾತು ಆ ಕಥೆಯೊಳಗೆ ಇದೆ ಎನ್ನಿಸಿದ್ದರಿಂದ ಇಲ್ಲಿ ಬರೆಯುತ್ತಿದ್ದೇನೆ.

ಬರ್ಮಿಂಗ್‌ಹ್ಯಾಮ್ ನಗರದ ಪಶ್ಚಿಮಕ್ಕೆ ‘ಬ್ಲ್ಯಾಕ್ ಕಂಟ್ರಿ’ ಎಂಬ ಪ್ರದೇಶವಿದೆ. ಕಲ್ಲಿದ್ದಲಿನ ಗಣಿಗಳು, ಕಬ್ಬಿಣದ ಕುಲುಮೆಗಳು, ಅವುಗಳ ಮಸಿ, ಇವುಗಳಿಂದಲೇ ಆ ಹೆಸರು ಬಂದಿತೆನ್ನುತ್ತಾರೆ. ಅದರ ಅಂಚಿನಲ್ಲಿರುವ ವುಲ್ವರ್‌ಹ್ಯಾಂಪ್ಟನ್ ಮತ್ತು ಸುತ್ತಲಿನ ಊರುಗಳಲ್ಲಿ ಬೆಳೆದವರು ಈ ನಾಲ್ವರು. ಮುಖ್ಯ ಗಾಯಕ ನಾಡಿ ಹೋಲ್ಡರ್ ವಾಲ್ಸಾಲ್ ಪಟ್ಟಣದವರು. ಅವರ ತಂದೆ ಮನೆಮನೆಯ ಕಿಟಕಿಗಾಜು ಒರೆಸುವ ಕಾಯಕದವರು. ಡ್ರಮ್ಸ್ ನುಡಿಸುತ್ತಿದ್ದ ಡಾನ್ ಪವೆಲ್ ಬಿಲ್‌ಸ್ಟನ್‌ನವರು. ಡೇವ್ ಹಿಲ್ ಗಿಟಾರ್ ವಾದಕರು. ಎಲ್ಲರಿಗಿಂತ ಕಿರಿಯರಾದ ಜಿಮ್ ಲೀ ಬೇಸ್ ಗಿಟಾರ್ ನುಡಿಸುತ್ತಿದ್ದರು. ಬಾಲ್ಯದಲ್ಲಿ ಶಾಸ್ತ್ರೀಯವಾಗಿ ಪಿಟೀಲು ಕಲಿತಿದ್ದರು. 1966ರಲ್ಲಿ ಒಂದುಗೂಡಿದ ಇವರು ಐದು ವರ್ಷ ಹೆಸರಿಲ್ಲದೆ ದುಡಿದರು. 1968ರಲ್ಲಿ ಬಹಾಮಾ ದ್ವೀಪಗಳ ಕ್ಲಬ್ ಒಂದರಲ್ಲಿ ನುಡಿಸಲು ಹೋಗಿ, ವಸತಿಯ ಸಾಲ ತೀರಿಸಲು ಅಲ್ಲಿಯೇ ತಿಂಗಳುಗಟ್ಟಲೆ ಹಾಡಬೇಕಾಯಿತು. ಹಾಡನ್ನು ಕೇಳುವ ಮನಸ್ಸಿಲ್ಲದ ಜನರನ್ನು ಹಾಡಿಗೆ ಎಳೆದುಕೊಳ್ಳುವ ವಿದ್ಯೆಯನ್ನು ಅವರು ಕಲಿತದ್ದು ಇಂಥ ರಾತ್ರಿಗಳಲ್ಲಿ.

ಊರಿಗೆ ಮರಳಿದ ಮೇಲೆ, 1969ರಲ್ಲಿ, ಲಂಡನ್ನಿನ ಕ್ಲಬ್ಬಿನಲ್ಲಿ ಇವರನ್ನು ಕಂಡವರು ಚಾಸ್ ಚಾಂಡ್ಲರ್. ಮೊದಲು ‘ಅನಿಮಲ್ಸ್’ ತಂಡದಲ್ಲಿದ್ದು, ಆಮೇಲೆ ಜಿಮಿ ಹೆಂಡ್ರಿಕ್ಸ್ ಅವರನ್ನು ನ್ಯೂಯಾರ್ಕಿನಿಂದ ಲಂಡನ್ನಿಗೆ ಕರೆತಂದು ಪ್ರಸಿದ್ಧಿಗೆ ತಂದವರು ಇವರೇ. ಚಾಂಡ್ಲರ್ ಈ ತಂಡದ ವ್ಯವಸ್ಥಾಪಕರಾದರು. ಮೊದಲು ತಲೆ ಬೋಳಿಸಿ, ದಪ್ಪ ಬೂಟು ತೊಡಿಸಿ, ಅಂದಿನ ‘ಸ್ಕಿನ್‌ಹೆಡ್’ ಹುಡುಗರ ವೇಷ ಹಾಕಿಸಿದರು. ಅದು ಫಲಿಸಲಿಲ್ಲ. ಕೂದಲು ಮತ್ತೆ ಬೆಳೆಯಿತು, ಬಟ್ಟೆಗೆ ಬಣ್ಣ ಬಂದಿತು. ಹೋಲ್ಡರ್ ಕನ್ನಡಿಯ ಬಿಲ್ಲೆಗಳನ್ನು ಅಂಟಿಸಿದ ಎತ್ತರದ ಟೋಪಿ ಧರಿಸತೊಡಗಿದರು. ವೇದಿಕೆಯ ದೀಪ ಅದರ ಮೇಲೆ ಬಿದ್ದು ಸಭಾಂಗಣದ ತುಂಬ ಚದುರುತ್ತಿತ್ತು.

ಇನ್ನು ಕಾಗುಣಿತದ ವಿಷಯ. 1971ರಲ್ಲಿ ಹೋಲ್ಡರ್ ಮತ್ತು ಲೀ ಸೇರಿ ಒಂದು ಪ್ರೇಮಗೀತೆ ಬರೆದರು. ‘ಬಿಕಾಸ್ ಐ ಲವ್ ಯೂ’ ಎಂಬ ಶೀರ್ಷಿಕೆ ತಮ್ಮಂಥ ಒರಟರಿಗೆ ತೀರ ಮೆದುವಾಯಿತೆನ್ನಿಸಿ, ತಮ್ಮೂರಿನಲ್ಲಿ ಆಡುವಂತೆಯೇ ಬರೆದುಬಿಟ್ಟರು. ‘ಬಿಕಾಸ್’ ಪದ ಸಿ, ಒ, ಜೆಡ್ ಎಂಬ ಮೂರೇ ಅಕ್ಷರಕ್ಕೆ ಇಳಿಯಿತು. ‘ಲವ್’ ಪದಕ್ಕೆ ಎಲ್, ಯು, ವಿ ಸಾಕಾಯಿತು. ಲೀ ಅವರ ಪಿಟೀಲು ಸೇರಿದ ಆ ಹಾಡು ನವೆಂಬರಿನಲ್ಲಿ ಬ್ರಿಟನ್ನಿನ ಜನಪ್ರಿಯ ಹಾಡುಗಳ ಪಟ್ಟಿಯ ಮೊದಲ ಸ್ಥಾನಕ್ಕೇರಿ ನಾಲ್ಕು ವಾರ ಅಲ್ಲಿಯೇ ನಿಂತಿತು. ಅಲ್ಲಿಂದ ಮುಂದೆ ಇದೇ ಪದ್ಧತಿಯಾಯಿತು. ‘ಕ್ರೇಜಿ’ ಎಂಬುದರ ಕೊನೆಯ ವೈ ಹೋಗಿ ಎರಡು ಇ ಬಂದವು. ‘ನಾಯ್ಸ್’ ಪದದಲ್ಲಿ ಎಸ್ ಇದ್ದ ಜಾಗಕ್ಕೆ ಜೆಡ್ ಬಂದಿತು. ‘ಸ್ಕ್ವೀಜ್’ ಪದದ ಕ್ಯೂ ಮತ್ತು ಯು ಹೋಗಿ ಕೆ ಮತ್ತು ಡಬ್ಲ್ಯು ಕುಳಿತವು. ಬ್ರಿಟನ್ನಿನ ಶಿಕ್ಷಕರು ಸಿಟ್ಟಾದರು. ಮಕ್ಕಳ ಕಾಗುಣಿತ ಕೆಟ್ಟುಹೋಗುತ್ತದೆಂದು ದೂರಿದರು. ಆ ಸಿಟ್ಟಿನಲ್ಲಿ ಅರ್ಥವಿಲ್ಲವೆಂದು ನಾನು ಹೇಳಲಾರೆ. ಒಂದು ಪದವನ್ನು ಇಪ್ಪತ್ತು ಬಾರಿ ಬರೆಸಿ ಕಲಿಸಿದವನಿಗೆ ಅದೇ ಪದ ಊರ ಗೋಡೆಯ ಮೇಲೆ ಬೇರೆಯಾಗಿ ಕಂಡರೆ ಹೇಗಾಗುತ್ತದೆಂಬುದು ಅವನಿಗೇ ಗೊತ್ತು.

ಆದರೆ 1972ರ ಒಂದು ಶೀರ್ಷಿಕೆ ನನ್ನನ್ನು ಬೇರೊಂದು ಯೋಚನೆಗೆ ಹಚ್ಚಿತು. ‘ನನ್ನನ್ನು ಮನೆಗೆ ಕರೆದೊಯ್ಯಿ’ ಎಂಬರ್ಥದ ಹಾಡು ಅದು. ಅದರಲ್ಲಿ ‘ಹೋಮ್’ ಎಂಬ ಪದದ ಎಚ್ ಅಕ್ಷರವನ್ನೇ ತೆಗೆದುಹಾಕಿ, ‘ಓಮ್’ ಎಂದು ಬರೆದಿದ್ದಾರೆ. ಇದು ನಮ್ಮ ಪ್ರಣವವಲ್ಲ! ಆ ಸೀಮೆಯ ದುಡಿಯುವ ಜನ ಮಾತನಾಡುವಾಗ ಪದದ ಮೊದಲಿನ ಹಕಾರವನ್ನು ಬಿಡುತ್ತಾರೆ, ಅಷ್ಟೆ. ಮಂಡ್ಯ, ಮೈಸೂರು ಸೀಮೆಯ ಹಳ್ಳಿಗಳಿಂದ ಬಂದ ಮಕ್ಕಳಿಗೆ ಪಾಠ ಹೇಳಿದ ಯಾವ ಅಧ್ಯಾಪಕನಿಗೆ ಇದು ಅಪರಿಚಿತ? ಹಾಲು ಆಲಾಗುವುದು, ಹಸು ಅಸುವಾಗುವುದು, ಇಲ್ಲಿ ಬಿಟ್ಟ ಹಕಾರ ಇನ್ನೆಲ್ಲಿಯೋ ಬಂದು ಆನೆ ಹಾನೆಯಾಗುವುದು ನಮ್ಮ ನಿತ್ಯದ ಅನುಭವ. ಪಾಠ ಓದಲು ಎದ್ದು ನಿಂತ ಹುಡುಗನ ಹಕಾರ ತಪ್ಪಿದಾಗ ತರಗತಿಯಲ್ಲಿ ನಗೆ ಏಳುತ್ತಿತ್ತು. ನಕ್ಕವರಿಗೆ ಅದು ಸಂಜೆಯೊಳಗೆ ಮರೆತುಹೋಗುತ್ತದೆ. ನಿಂತಿದ್ದವನಿಗೆ ಮರೆಯುವುದಿಲ್ಲ. ಅಂಥ ಕೆಲವರು ಆಮೇಲೆ ವರ್ಷವಿಡೀ ಗಟ್ಟಿಯಾಗಿ ಓದಲೇ ಇಲ್ಲ. ತಿಳಿದ ಉತ್ತರವನ್ನೂ ನುಂಗಿಕೊಂಡು ಕುಳಿತರು.

ಸ್ಲೇಡ್ ತಂಡದವರು ಮಾಡಿದ್ದು ಇದಕ್ಕೆ ತೀರ ತದ್ವಿರುದ್ಧ. ಯಾವ ಉಚ್ಚಾರಣೆಗೆ ಲಂಡನ್ನಿನ ಸುಶಿಕ್ಷಿತರು ನಗುತ್ತಿದ್ದರೋ ಅದನ್ನೇ ದೊಡ್ಡ ಅಕ್ಷರಗಳಲ್ಲಿ ರೆಕಾರ್ಡಿನ ಮೇಲೆ ಅಚ್ಚು ಹಾಕಿಸಿದರು. ಕಾರ್ಖಾನೆಯ ಕೇರಿಗಳ ಹುಡುಗ ಹುಡುಗಿಯರು ಅದರಲ್ಲಿ ತಮ್ಮ ಮನೆಯ ಮಾತನ್ನು ಕೇಳಿದರು. ನಮ್ಮಲ್ಲಿ ಜಿ. ಪಿ. ರಾಜರತ್ನಂ ಅವರು ‘ರತ್ನನ ಪದಗಳು’ ಬರೆದದ್ದನ್ನು ನೆನೆಯಿರಿ. ಕಾಲೇಜಿನಲ್ಲಿ ಕನ್ನಡ ಕಲಿಸಿದ ಪಂಡಿತರಾದ ಅವರಿಗೆ ಹಕಾರ ಎಲ್ಲಿ ಬರಬೇಕೆಂಬುದು ತಿಳಿಯದ್ದೇನಲ್ಲ. ಗೊತ್ತಿದ್ದೂ ಬಿಟ್ಟರು, ಆ ಮಾತಿನ ಮನುಷ್ಯನ ಮೇಲಿನ ಪ್ರೀತಿಯಿಂದ ಬಿಟ್ಟರು. ಒಂದು ಪಾನಮತ್ತನ ಪದ, ಇನ್ನೊಂದು ರಾಕ್ ಸಂಗೀತ. ಆದರೂ ಮನೆಮಾತಿಗೆ ಮರ್ಯಾದೆ ಕೊಟ್ಟ ರೀತಿಯಲ್ಲಿ ಇವೆರಡೂ ದೂರದ ನೆಂಟರೆಂದು ನನ್ನ ಭಾವನೆ.

1973 ಈ ತಂಡದ ತುತ್ತತುದಿಯ ವರ್ಷ. ಆ ಒಂದೇ ವರ್ಷ ಇವರ ಮೂರು ಹಾಡುಗಳು ಬಿಡುಗಡೆಯಾದ ಮೊದಲ ವಾರವೇ ನೇರವಾಗಿ ಪಟ್ಟಿಯ ಮೊದಲ ಸ್ಥಾನದಲ್ಲಿ ಕಾಣಿಸಿಕೊಂಡವು. 1969ರಲ್ಲಿ ಬೀಟಲ್ಸ್ ಅವರಿಗೆ ದೊರೆತಿದ್ದ ಆ ಗೌರವ ನಡುವೆ ಯಾರಿಗೂ ದೊರೆತಿರಲಿಲ್ಲ. ಜುಲೈ 1ರಂದು ಲಂಡನ್ನಿನ ಅರ್ಲ್ಸ್ ಕೋರ್ಟ್ ಸಭಾಂಗಣ ಇವರ ಅಭಿಮಾನಿಗಳಿಂದ ತುಂಬಿ ತುಳುಕಿತು. ಮೂರೇ ದಿನ. ಜುಲೈ 4ರಂದು ವುಲ್ವರ್‌ಹ್ಯಾಂಪ್ಟನ್ನಿನಲ್ಲಿ ಡಾನ್ ಪವೆಲ್ ಇದ್ದ ಕಾರು ಅಪಘಾತಕ್ಕೀಡಾಗಿ, ಅವರು ಮದುವೆಯಾಗಬೇಕೆಂದಿದ್ದ ತರುಣಿ ತೀರಿಕೊಂಡರು. ಪವೆಲ್ ಹಲವು ದಿನ ಪ್ರಜ್ಞೆಯಿಲ್ಲದೆ ಮಲಗಿದ್ದರು. ಎಚ್ಚರವಾದ ಮೇಲೆ ರುಚಿ ಮತ್ತು ವಾಸನೆಯ ಶಕ್ತಿ ಹೋಗಿತ್ತು. ಈಚಿನ ಸಂಗತಿಗಳು ನೆನಪಿನಲ್ಲಿ ನಿಲ್ಲುತ್ತಿರಲಿಲ್ಲ. ಕೆಲವು ಕಾರ್ಯಕ್ರಮಗಳಿಗೆ ಜಿಮ್ ಲೀಯವರ ತಮ್ಮ ಫ್ರಾಂಕ್ ಡ್ರಮ್ಸ್ ನುಡಿಸಿಕೊಟ್ಟರೇ ಹೊರತು, ಪವೆಲ್ ಅವರ ಜಾಗಕ್ಕೆ ತಂಡದವರು ಬೇರೆಯವರನ್ನು ತಂದುಕೊಳ್ಳಲಿಲ್ಲ. ಕೆಲವೇ ವಾರಗಳಲ್ಲಿ ಪವೆಲ್ ಮರಳಿ ಬಂದರು. ಯಾವ ಹಾಡು ಹೇಗೆ ಆರಂಭವಾಗುತ್ತದೆಂಬುದನ್ನು ಜೊತೆಯವರು ವೇದಿಕೆಯ ಮೇಲೆಯೇ ನೆನಪಿಸುತ್ತಿದ್ದರು. ಪವೆಲ್ ಪ್ರತಿದಿನದ ಸಂಗತಿಗಳನ್ನು ದಿನಚರಿಯಲ್ಲಿ ಬರೆದಿಟ್ಟುಕೊಳ್ಳುವ ಅಭ್ಯಾಸ ಮಾಡಿಕೊಂಡರು.

ಈ ಸ್ಥಿತಿಯಲ್ಲಿಯೇ ತಂಡ ನ್ಯೂಯಾರ್ಕಿನ ಸ್ಟುಡಿಯೋದಲ್ಲಿ, ಬೇಸಿಗೆಯ ಸೆಕೆಯಲ್ಲಿ, ಒಂದು ಕ್ರಿಸ್‌ಮಸ್ ಹಾಡನ್ನು ಮುದ್ರಿಸಿಕೊಂಡಿತು. ಅದರಲ್ಲಿ ಕೇಳಿಬರುವ ಹಾರ್ಮೋನಿಯಂ, ಅದೇ ಸ್ಟುಡಿಯೋದಲ್ಲಿ ತಮ್ಮ ಹಾಡುಗಳನ್ನು ಮುದ್ರಿಸುತ್ತಿದ್ದ ಜಾನ್ ಲೆನ್ನನ್ ಬಳಸುತ್ತಿದ್ದದ್ದು. ಪಲ್ಲವಿಗೆ ಪ್ರತಿಧ್ವನಿ ಬೇಕೆಂದು ಕಟ್ಟಡದ ಮೊಗಸಾಲೆಯಲ್ಲಿ ನಿಂತು ಕೂಗಿ ಹಾಡಿದರಂತೆ. ಓಡಾಡುತ್ತಿದ್ದ ಕಚೇರಿಯ ಜನ, ಈ ಸೆಕೆಯಲ್ಲಿ ಕ್ರಿಸ್‌ಮಸ್ ಎಲ್ಲಿಂದ ಬಂತೆಂದು ಬೆರಗಾಗಿರಬೇಕು. ‘ಮೆರಿ ಕ್ರಿಸ್‌ಮಸ್ ಎವ್ರಿಬಡಿ’ ಎಂಬ ಈ ಹಾಡು ಡಿಸೆಂಬರಿನಲ್ಲಿ ಹೊರಬಂದಾಗ ಬ್ರಿಟನ್ ಕಷ್ಟದಲ್ಲಿತ್ತು. ತೈಲದ ಬೆಲೆ ಏರಿತ್ತು, ಗಣಿ ಕಾರ್ಮಿಕರ ಹೋರಾಟ ನಡೆದಿತ್ತು. ವಿದ್ಯುತ್ ಉಳಿಸಲು 1974ರ ಜನವರಿಯಿಂದ ವಾರಕ್ಕೆ ಮೂರೇ ದಿನ ಕೆಲಸವೆಂದು ಸರಕಾರ ಸಾರಿತು. ಅಂಥ ಮಬ್ಬಿನಲ್ಲಿ ಮನೆ, ನೆಂಟರಿಷ್ಟರು, ಹಬ್ಬ ಎಂದು ಕೂಗಿ ಹೇಳಿದ ಹಾಡನ್ನು ಜನ ಅಪ್ಪಿಕೊಂಡರು. ಹತ್ತು ಲಕ್ಷಕ್ಕೂ ಹೆಚ್ಚು ಪ್ರತಿಗಳು ಮಾರಾಟವಾದವು.

ಇದು ಅವರ ಆರನೆಯ ಮೊದಲ ಸ್ಥಾನ. ಕೊನೆಯದೂ ಹೌದು. ಕುತೂಹಲಕ್ಕೆಂದು ಗಮನಿಸಿದೆ: 1974ರ ಹಾಡುಗಳ ಶೀರ್ಷಿಕೆಗಳಲ್ಲಿ ಅವರ ಹಳೆಯ ಕಾಗುಣಿತದ ಚೇಷ್ಟೆ ಇಲ್ಲ. ‘ಎವ್ರಿಡೇ’, ‘ಫಾರ್ ಫಾರ್ ಅವೇ’ ಎಂಬುವನ್ನು ಯಾವ ಮೇಷ್ಟರೂ ತಿದ್ದಬೇಕಾಗಿಲ್ಲ. ಅವು ಸೊಗಸಾದ ಹಾಡುಗಳೇ, ಮೂರನೆಯ, ಎರಡನೆಯ ಸ್ಥಾನದವರೆಗೆ ಹೋದವು. ಕಾಗುಣಿತ ಸರಿಯಾದದ್ದರಿಂದಲೇ ಇಳಿಮುಖ ಶುರುವಾಯಿತೆಂದು ನಾನು ಹೇಳಿದರೆ ಅದು ತಮಾಷೆಯಾದೀತು. ಆದರೆ ತಾವು ಯಾರಿಗಾಗಿ ಹಾಡುತ್ತಿದ್ದರೋ ಆ ಜನರಿಂದ ಅವರು ದೂರವಾಗತೊಡಗಿದ್ದು ನಿಜ. 1975ರ ಆರಂಭದಲ್ಲಿ ಅವರೇ ನಟಿಸಿದ ‘ಫ್ಲೇಮ್’ ಎಂಬ ಚಲನಚಿತ್ರ ಬಂದಿತು. ನಗೆಯಾಟ ನಿರೀಕ್ಷಿಸಿ ಹೋದ ಅಭಿಮಾನಿಗಳಿಗೆ, ದಲ್ಲಾಳಿಗಳ ಕೈಗೆ ಸಿಕ್ಕಿ ಒಡೆದುಹೋಗುವ ಒಂದು ಹಾಡುಗಾರರ ತಂಡದ ಕಹಿಕಥೆ ಕಾಣಿಸಿತು. ಇಂದು ವಿಮರ್ಶಕರು ಆ ಚಿತ್ರವನ್ನು ಬಹಳವಾಗಿ ಹೊಗಳುತ್ತಾರೆ. ಅಂದು ಅದು ಹಲವರನ್ನು ಗೊಂದಲಕ್ಕೆ ಕೆಡವಿತು. ಅದೇ ವರ್ಷ ತಂಡ ಅಮೆರಿಕವನ್ನು ಗೆಲ್ಲಲು ಹೋಗಿ ಸುಮಾರು ಎರಡು ವರ್ಷ ಅಲ್ಲಿಯೇ ದುಡಿಯಿತು. ಅಲ್ಲಿ ಇವರ ಮಾತಿನ ಸೊಗಡು ಹಿಡಿಸಲಿಲ್ಲ. ಇಲ್ಲಿ ಊರಿನಲ್ಲಿ, ಅಂದು ಹದಿನಾಲ್ಕರವರಾಗಿದ್ದ ಅಭಿಮಾನಿಗಳು ಹದಿನೆಂಟರವರಾಗಿದ್ದರು. 1971ರಿಂದ 1976ರವರೆಗೆ ಸತತವಾಗಿ 17 ಹಾಡುಗಳನ್ನು ಮೊದಲ ಇಪ್ಪತ್ತರೊಳಗೆ ಸೇರಿಸಿದ್ದ ತಂಡ 1977ರಲ್ಲಿ ಮರಳಿದಾಗ, ‘ಪಂಕ್’ ಎಂಬ ಹೊಸ ಗಾಳಿ ಗ್ಲ್ಯಾಮ್ ಪಂಥವನ್ನೇ ಗುಡಿಸಿಹಾಕಿತ್ತು. ತಮ್ಮ ಹೊಸ ಧ್ವನಿಮುದ್ರಿಕೆಗೆ ಅವರೇ ‘ಸ್ಲೇಡ್ ಏನಾಯಿತು?’ ಎಂಬರ್ಥದ ಹೆಸರಿಟ್ಟರು. ತಮ್ಮನ್ನೇ ನಕ್ಕುಕೊಳ್ಳುವ ಆ ಧೈರ್ಯ ನನಗೆ ಇಷ್ಟವಾಯಿತು.

ಮುಂದಿನ ಮೂರು ವರ್ಷ ಸಣ್ಣ ಕ್ಲಬ್ಬುಗಳು, ಕಾಲೇಜು ಸಭಾಂಗಣಗಳು. 1980ರ ಆಗಸ್ಟಿನಲ್ಲಿ ರೀಡಿಂಗ್ ಸಂಗೀತೋತ್ಸವಕ್ಕೆ ಬರಬೇಕಿದ್ದ ಆಸಿ ಆಸ್ಬೋರ್ನ್ ಬಾರದೆ ಹೋದಾಗ, ತಂಡದ ಆಸೆಯನ್ನೇ ಬಿಟ್ಟಿದ್ದ ಡೇವ್ ಹಿಲ್ ಅವರನ್ನು ಚಾಂಡ್ಲರ್ ಒಪ್ಪಿಸಿ ಕರೆತಂದರು. ಹದಿನಾಲ್ಕು ವರ್ಷ ಕಷ್ಟಪಟ್ಟು ಕಲಿತ ವಿದ್ಯೆ ಅಂದು ಕೈಬಿಡಲಿಲ್ಲ. ಸಾವಿರಾರು ಜನ, ಇವರ ಹಾಡುಗಳನ್ನು ಇವರೊಂದಿಗೆ ಹಾಡಿದರು. 1983ರಲ್ಲಿ ‘ಕ್ವಯಟ್ ರಯಟ್’ ಎಂಬ ಅಮೆರಿಕನ್ ತಂಡ, ಇವರ 1973ರ ಹಾಡನ್ನು, ಜೆಡ್ ಅಕ್ಷರ ಸಮೇತ, ಮತ್ತೆ ಹಾಡಿ ತಮ್ಮ ದೇಶದ ಪಟ್ಟಿಯಲ್ಲಿ ಐದನೆಯ ಸ್ಥಾನಕ್ಕೇರಿತು. ತಾವೇ ಹೋಗಿ ಎರಡು ವರ್ಷ ಹಾಡಿದರೂ ಸಿಗದದ್ದು, ಊರಿನ ಕಾಗುಣಿತಕ್ಕೆ ಹತ್ತು ವರ್ಷ ತಡವಾಗಿ ಸಿಕ್ಕಿತು! 1992ರಲ್ಲಿ ಹೋಲ್ಡರ್ ಹೊರಬಂದರು, ಮೂಲ ತಂಡದ ಕಥೆ ಮುಗಿಯಿತು. ಚಾಂಡ್ಲರ್ 1996ರಲ್ಲಿ ತೀರಿಕೊಂಡರು. ಹಿಲ್ ಮತ್ತು ಪವೆಲ್ ಹೊಸಬರನ್ನು ಸೇರಿಸಿಕೊಂಡು ಬಹುಕಾಲ ಊರೂರು ಸುತ್ತಿದರು. 2020ರಲ್ಲಿ ಪವೆಲ್ ಕೂಡ ಬೇರೆಯಾದರು. ಕ್ರಿಸ್‌ಮಸ್ ಹಾಡು ಮಾತ್ರ ಪ್ರತಿ ಡಿಸೆಂಬರಿನಲ್ಲಿ ಮರಳಿ ಬರುತ್ತದೆ. ಅದು ತಮ್ಮ ಪಿಂಚಣಿ ಎಂದು ಹೋಲ್ಡರ್ ನಗುತ್ತಾರೆ. ಪಿಂಚಣಿದಾರನಾದ ನನಗೆ ಆ ಮಾತು ಚೆನ್ನಾಗಿ ಅರ್ಥವಾಗುತ್ತದೆ.

ಶಾಲೆ ಶಿಷ್ಟಭಾಷೆಯನ್ನು ಕಲಿಸಲೇಬೇಕು. ಅರ್ಜಿ ಬರೆಯಲು, ಪರೀಕ್ಷೆ ದಾಟಲು, ಪರಊರಿನವನಿಗೆ ಅರ್ಥವಾಗಲು ಅದು ಬೇಕು. ಬಡ ಮನೆಯ ಮಗುವಿಗಂತೂ ಹೆಚ್ಚು ಬೇಕು. ಕಾಗುಣಿತ ತಿಳಿಯದೆ ತಪ್ಪುವುದಕ್ಕೂ ತಿಳಿದು ಮುರಿಯುವುದಕ್ಕೂ ಇರುವ ಅಂತರ ಸಣ್ಣದಲ್ಲ. ಆದರೆ ಶಿಷ್ಟಭಾಷೆಯನ್ನು ಕೊಡುವಾಗ ಮಗುವಿನ ಮನೆಮಾತನ್ನು ಕಿತ್ತುಕೊಳ್ಳಬೇಕಾಗಿಲ್ಲ. ಆದ್ದರಿಂದ ನನ್ನ ವಿದ್ಯಾರ್ಥಿಗಳಲ್ಲಿ ಅಧ್ಯಾಪಕರಾಗಿರುವವರಿಗೆ ಒಂದು ಮಾತು: ಓದಲು ನಿಂತ ಮಗುವಿನ ಹಕಾರ ತಪ್ಪಿದರೆ ತಿದ್ದಿ, ಆದರೆ ಮೊದಲು ತರಗತಿಯ ನಗೆಯನ್ನು ನಿಲ್ಲಿಸಿ. ಉಳಿದವರಿಗೆ ಹೇಳುವುದಿಷ್ಟೆ. ಕಾಗದದ ಮೇಲೆ ಹಕಾರವನ್ನು ಇಟ್ಟೇ ಬರೆಯಿರಿ. ಊರಿಗೆ ಹೋದಾಗ ಅವ್ವನ ಹತ್ತಿರ ‘ಆಲು’ ಎಂದು ಕೇಳಿ ಕುಡಿಯಲು ಯಾವ ಸಂಕೋಚವೂ ಬೇಡ.