ಲೈಲಾಕ್ ಗಿಡದ ಪ್ರಸಂಗ

ನಾಮಸಾಮ್ಯದಿಂದ ಮನುಷ್ಯನು ಮೋಸಹೋಗುವುದು ಸ್ವಾಭಾವಿಕವೇ ಸರಿ. 2018ರ ವೈಶಾಖದಲ್ಲಿ ನಾವು ಸಕುಟುಂಬರಾಗಿ ಶ್ರೀನಗರಕ್ಕೆ ಹೋಗಿದ್ದಾಗ, ಒಂದು ಮನೆಯಂಗಳದಲ್ಲಿ ಲೈಲಾಕ್ ಪೊದೆಯು ನಸುನೇರಿಳೆಯ ಗೊಂಚಲುಗಳಿಂದ ತುಂಬಿ ಪರಿಮಳವನ್ನು ಬೀರುತ್ತಿದ್ದಿತು. ನಮ್ಮ ಸಹಧರ್ಮಿಣಿಯು ಅಲ್ಲಿಂದ ಕದಲಲೊಲ್ಲದೆ, “ಮೈಸೂರಿನಲ್ಲಿ ಇದೊಂದನ್ನು ಬೆಳೆಸಿಕೊಡಿರಿ” ಎಂದಳು. ಈ ಹೆಸರು ಪಾರಸಿಯ ಮೂಲಕ ನಮ್ಮ ಸಂಸ್ಕೃತದ ‘ನೀಲ’ ಶಬ್ದಕ್ಕೇ ಸಂಬಂಧಿಸಿದುದೆಂದು ನಾವು ಪಾಂಡಿತ್ಯವನ್ನು ಮೆರೆದೆವು.

ಊರಿಗೆ ಬಂದು, ‘ಲೈಲಾಕ್’ ಎಂದು ಮಾರುತ್ತಿದ್ದ ಸಸಿಯೊಂದನ್ನು ಕೊಂಡು ನೆಟ್ಟೆವು. ಮೂರನೆಯ ವರ್ಷ ಹೂಬಿಟ್ಟಿತು. ಬಣ್ಣವು ಅದೇ, ಗಂಧವಿಲ್ಲ! ಹೂವನ್ನು ಬಿಡಿಸಿ ನೋಡಿದೆವು. ಲೈಲಾಕಿಗೆ ಎದುರುಬದುರಾದ ಹೃದಯಾಕಾರದ ಎಲೆಗಳು, ಸಣ್ಣ ಕೊಳವೆಯ ತುದಿಯಲ್ಲಿ ನಾಲ್ಕು ದಳಗಳು, ಒಳಗೆ ಎರಡೇ ಕೇಸರಗಳು. ನಮ್ಮದಕ್ಕೋ ಸುಕ್ಕುಗಟ್ಟಿದ ಆರು ದಳಗಳು, ಅನೇಕ ಕೇಸರಗಳು. ಅದು ಹೊಳೆದಾಸವಾಳದ ಬಳಗದ್ದು. ಅದನ್ನು ‘ಇಂಡಿಯನ್ ಲೈಲಾಕ್’ ಎಂದೂ ಕರೆಯುವುದುಂಟು. ಮಾರಿದವನದು ಸುಳ್ಳಲ್ಲ, ಲಕ್ಷಣವನ್ನು ನೋಡದೆ ಹೆಸರನ್ನು ನಂಬಿದ ದೋಷ ನಮ್ಮದೇ. ನಿಜವಾದ ಲೈಲಾಕನ್ನು ತಂದಿದ್ದರೂ ಫಲವಿರುತ್ತಿರಲಿಲ್ಲ. ಅದರ ಮೊಗ್ಗುಗಳು ಚೆನ್ನಾಗಿ ಅರಳಬೇಕಾದರೆ ಹಲವು ವಾರಗಳ ಕಡುಚಳಿಯಲ್ಲಿ ನಿದ್ರಿಸಬೇಕು. ಮೈಸೂರಿನ ಹೇಮಂತವು ಅದಕ್ಕೆ ಸಾಲದು.

ಸಂಕೋಚದಿಂದ ಇದನ್ನೆಲ್ಲ ಆಕೆಗೆ ತಿಳಿಸಿ, ಲೈಲಾಕು ಮಲ್ಲಿಗೆ ಪಾರಿಜಾತಗಳ ಕುಟುಂಬಕ್ಕೇ ಸೇರಿದುದೆಂದು ಸಮಾಧಾನ ಹೇಳಿದೆವು. ಆಕೆಯು ಮಾತನಾಡದೆ ಹಿತ್ತಿಲಿಗೆ ಹೋಗಿ, ಉದುರಿದ್ದ ಪಾರಿಜಾತವೊಂದನ್ನು ತಂದು ನಮ್ಮ ಅಂಗೈಯಲ್ಲಿಟ್ಟು, “ಕೇಸರಗಳನ್ನು ಎಣಿಸಿರಿ” ಎಂದಳು. ಎರಡೇ ಇದ್ದವು.

ಆ ಗಂಧವಿಲ್ಲದ ಗಿಡವನ್ನೂ ಕೀಳಗೊಡಲಿಲ್ಲ. ಅದಕ್ಕೆ ಇಂದಿಗೂ ನಾವೇ ನೀರೆರೆಯುತ್ತಿರುವೆವು.