ಹುಲ್ಲುಗಾವಲಿನಲ್ಲಿ ನಾಲ್ಕು ರಾತ್ರಿ

ಸಂಗೀತ ಕೇಳಲು ಹೊರಟವನಿಗೆ ಶ್ರುತಿ, ಲಯ, ತಾಳಗಳ ಅರಿವು ಇಷ್ಟಾದರೂ ಇರಬೇಕೆಂದು ನಾನು ಬಹುಕಾಲ ನಂಬಿಕೊಂಡಿದ್ದೆ. ಅದಕ್ಕೂ ಮೊದಲು ಅವನ ಬಳಿ ಒಂದು ಜೊತೆ ಒಣಗಿದ ಕಾಲುಚೀಲ ಇರಬೇಕೆಂಬುದು ನನಗೆ ಮನವರಿಕೆಯಾದುದು 2016ನೆಯ ಇಸವಿಯ ಜೂನ್ ತಿಂಗಳಲ್ಲಿ; ಸ್ಥಳ, ಇಂಗ್ಲೆಂಡಿನ ಸಾಮರ್‌ಸೆಟ್ ಪ್ರಾಂತದ ಒಂದು ಹುಲ್ಲುಗಾವಲು; ವೇಳೆ, ನಡುರಾತ್ರಿ ಕಳೆದು ಎರಡು ಗಂಟೆ.

ನನ್ನ ಅಕ್ಕ ಮತ್ತು ಭಾವ ಬ್ರಿಸ್ಟಲ್ ನಗರದಲ್ಲಿ ನೆಲೆಸಿದ್ದಾರೆ. ಆ ಬೇಸಿಗೆಯಲ್ಲಿ ನಾನು ಅವರಲ್ಲಿಗೆ ಹೋಗುವುದೆಂದು ನಿಶ್ಚಯವಾದೊಡನೆಯೇ, ಹಿಂದಿನ ವರ್ಷದ ಸೆಪ್ಟೆಂಬರಿನಲ್ಲಿ, ಭಾವ ನನ್ನ ಭಾವಚಿತ್ರವೊಂದನ್ನು ತರಿಸಿಕೊಂಡರು. ಸಂಬಂಧ ಕುದುರಿಸುತ್ತಿದ್ದಾರೆಂದು ನನ್ನ ತಾಯಿ ಸಂತೋಷಪಟ್ಟಳು. ಆದರೆ ಅದು ಹೋದದ್ದು ಗ್ಲಾಸ್ಟನ್‌ಬರಿ ಸಂಗೀತೋತ್ಸವದ ಕಚೇರಿಗೆ. ಹೆಸರೂ ಭಾವಚಿತ್ರವೂ ಮೊದಲೇ ನೋಂದಣಿಯಾಗಿರದವರಿಗೆ ಅಲ್ಲಿ ಟಿಕೆಟ್ಟು ಸಿಗುವುದಿಲ್ಲ. ಒಬ್ಬರ ಟಿಕೆಟ್ಟು ಇನ್ನೊಬ್ಬರಿಗೆ ಸಲ್ಲುವುದಿಲ್ಲ. ಮಾರಾಟ ಆರಂಭವಾದ ಒಂದು ಗಂಟೆಯೊಳಗೆ ಎಲ್ಲವೂ ಖರ್ಚಾಗಿಬಿಡುವುದೇ ರೂಢಿ. 2025ರಲ್ಲಿ ಒಂದು ಟಿಕೆಟ್ಟಿನ ಬೆಲೆ 373 ಪೌಂಡು 50 ಪೆನ್ಸ್ ಆಗಿತ್ತು. ಹನ್ನೆರಡು ವರ್ಷದವರೆಗಿನ ಮಕ್ಕಳಿಗೆ ಮಾತ್ರ ಪ್ರವೇಶ ಉಚಿತ. ಹನ್ನೊಂದು ತುಂಬಿದ್ದ ಅಕ್ಕನ ಮಗ ಈ ನಿಯಮದ ಬಲದಿಂದ ನಮ್ಮೊಡನೆ ಹೊರಟ. ಅವನಿಗೆ ಚಿಕ್ಕಂದಿನಿಂದ ಉಬ್ಬಸದ ತೊಂದರೆ. ಬಾಗಿಲಲ್ಲಿ ನಿಂತು ಅಕ್ಕ ಹೇಳಿದ್ದು ಒಂದೇ ಮಾತು: "ಅವನಿಗೆ ತಂಡಿಯಾದರೆ ನೀವಿಬ್ಬರೂ ಇತ್ತ ಬರಬೇಡಿ."

ಹೆಸರು ಗ್ಲಾಸ್ಟನ್‌ಬರಿಯದಾದರೂ ಉತ್ಸವ ನಡೆಯುವುದು ಆ ಪಟ್ಟಣಕ್ಕೆ ಕೆಲವು ಮೈಲಿ ದೂರದ ಪಿಲ್ಟನ್ ಎಂಬ ಹಳ್ಳಿಯ ವರ್ದಿ ಫಾರಂನಲ್ಲಿ. ಅದು ಹಾಲಿನ ಹಸುಗಳನ್ನು ಸಾಕುವ ಜಮೀನು. ಅದರ ಒಡೆಯ ಮೈಕೇಲ್ ಈವಿಸ್ 1970ರ ಸೆಪ್ಟೆಂಬರ್ 19ರಂದು ಅಲ್ಲಿ ಮೊದಲ ಕಚೇರಿ ನಡೆಸಿದಾಗ ಪ್ರವೇಶಕ್ಕೆ ಒಂದು ಪೌಂಡು. ಅದರೊಡನೆ ಫಾರಂನ ಹಾಲು ಪುಕ್ಕಟೆ. ಬಂದವರು ಸುಮಾರು 1,500 ಮಂದಿ. ಇಂದು ಆ ಹೊಲಗಳಲ್ಲಿ ಎರಡು ಲಕ್ಷಕ್ಕೂ ಮಿಕ್ಕಿ ಜನ ಸೇರುತ್ತಾರೆ. ಮುಖ್ಯ ವೇದಿಕೆಯ ಆಕಾರ ಪಿರಮಿಡ್ಡಿನದು. 1981ರಲ್ಲಿ ಕಟ್ಟಿದ ಪಿರಮಿಡ್ಡು ಉತ್ಸವವಿಲ್ಲದ ಚಳಿಗಾಲದಲ್ಲಿ ದನದ ಕೊಟ್ಟಿಗೆಯಾಗಿರುತ್ತಿತ್ತಂತೆ. 1994ರಲ್ಲಿ ಅದು ಬೆಂಕಿಗೆ ಆಹುತಿಯಾಯಿತು. ಕೆಲವು ವರ್ಷಗಳಿಗೊಮ್ಮೆ ಉತ್ಸವವನ್ನು ನಿಲ್ಲಿಸಿ ನೆಲವನ್ನು ಬೀಳು ಬಿಡುತ್ತಾರೆ. 2018 ಅಂತಹ ವರ್ಷ, 2026 ಕೂಡ. ನಮ್ಮ ರೈತನಿಗೆ ಇದನ್ನು ಯಾರೂ ವಿವರಿಸಿ ಹೇಳಬೇಕಾಗಿಲ್ಲ.

ಬುಧವಾರ ಬೆಳಗ್ಗೆ ಬಾಗಿಲು ತೆರೆಯುತ್ತದೆ. ದೊಡ್ಡ ವೇದಿಕೆಗಳ ಸಂಗೀತ ಶುರುವಾಗುವುದು ಶುಕ್ರವಾರ. ಹಾಗಿದ್ದಮೇಲೆ ಬುಧವಾರವೇ ಏಕೆ ಹೋಗಬೇಕೆಂದು ನಾನು ವಾದಿಸಿದ್ದೆ. ಮಳೆಯಿಂದ ಹೊಲಗಳು ನೆಂದು ವಾಹನಗಳು ರಸ್ತೆಯಲ್ಲಿ ಗಂಟೆಗಟ್ಟಲೆ ನಿಂತಿವೆ, ಮನೆ ಬಿಡದವರು ಸದ್ಯಕ್ಕೆ ಬಿಡಬೇಡಿ ಎಂದು ಸಂಘಟಕರೇ ಪ್ರಕಟಿಸಿದಾಗ ನನ್ನ ವಾದಕ್ಕೆ ಜಯ ಬಂದಿತು. ಗುರುವಾರ ಮಧ್ಯಾಹ್ನ ತಲುಪಿದೆವು. ಬುಧವಾರದವರು ಇಳಿಜಾರಿನ ಮೇಲ್ಭಾಗವನ್ನೆಲ್ಲ ಹಿಡಿದುಬಿಟ್ಟಿದ್ದರು. ಕಾರು ನಿಲ್ಲುವ ಸ್ಥಳದಿಂದ ಡೇರೆಯ ಹೊಲಕ್ಕೆ ಒಂದು ಗಂಟೆಯ ನಡಿಗೆ. ಬೆಂಗಳೂರಿನಿಂದ ತಂದಿದ್ದ ಚಕ್ರದ ಪೆಟ್ಟಿಗೆಯನ್ನೇ ನಾನು ಎಳೆದುಕೊಂಡು ಹೊರಟೆ. ವಿಮಾನನಿಲ್ದಾಣದ ಅಮೃತಶಿಲೆಯ ಮೇಲೆ ಹಂಸದಂತೆ ತೇಲುವ ಆ ಪೆಟ್ಟಿಗೆ ಸಾಮರ್‌ಸೆಟ್ಟಿನ ಕೆಸರಿನಲ್ಲಿ ಎರಡು ಮಾರು ಸಾಗುವಷ್ಟರಲ್ಲಿ ನೇಗಿಲಾಯಿತು. ಅದನ್ನು ತಲೆಯ ಮೇಲೆ ಹೊತ್ತೆ. ಅದರಲ್ಲಿ ಎರಡು ಪುಸ್ತಕಗಳೂ ಒಂದು ಇಸ್ತ್ರಿಯ ಅಂಗಿಯೂ ಇದ್ದುವೆಂಬುದನ್ನು ಈಗ ನಾಚಿಕೆಯಿಂದ ಒಪ್ಪಿಕೊಳ್ಳುತ್ತೇನೆ. ಹೊಸಬರು ಮಾಡಬೇಕಾದುದಿಷ್ಟು: ಬೆನ್ನಿಗೆ ಏರಿಸುವ ಚೀಲವೊಂದರಲ್ಲಿ ಎಲ್ಲವನ್ನೂ ತುಂಬಿ, ಊರಿನಲ್ಲೇ ಅದನ್ನು ಹೊತ್ತು ಅರ್ಧ ಗಂಟೆ ನಡೆದು ನೋಡಿ, ಮನೆಗೆ ಬಂದು ಅದರಲ್ಲಿ ಮೂರನೆಯ ಒಂದು ಪಾಲನ್ನು ತೆಗೆದಿಡುವುದು.

ಆಯಾಸಗೊಂಡವನಿಗೆ ಎಲ್ಲ ನೆಲವೂ ಚೆನ್ನಾಗಿಯೇ ಕಾಣುತ್ತದೆ. ಇಳಿಜಾರಿನ ಕೆಳಗೆ, ಬೇಲಿಯ ಪಕ್ಕದಲ್ಲಿ, ಯಾರೂ ಡೇರೆ ಹಾಕದೆ ಬಿಟ್ಟಿದ್ದ ಒಂದು ಹಸುರು ತಗ್ಗು ನನ್ನ ಕಣ್ಣಿಗೆ ಬಿದ್ದಿತು. ಯಾರೂ ಏಕೆ ಹಾಕಿಲ್ಲವೆಂಬ ಪ್ರಶ್ನೆ ನಮಗೆ ಹೊಳೆಯಲಿಲ್ಲ. 2005ರಲ್ಲಿ ಇದೇ ಉತ್ಸವದಲ್ಲಿ ಸಿಡಿಲುಮಳೆ ಸುರಿದು ತಗ್ಗಿನ ಡೇರೆಗಳು ಮುಳುಗಿದ್ದ ಸಂಗತಿ ನಮಗೆ ತಿಳಿದದ್ದು ಆಮೇಲೆ. ಆ ರಾತ್ರಿ ಜಿನುಗುಮಳೆಯಷ್ಟೇ ಬಿದ್ದಿತು. ಆದರೆ ನೆಲ ಆಗಲೇ ತುಂಬಿ ನಿಂತಿತ್ತು. ನೀರು ಮೇಲಿನಿಂದ ಬರಲಿಲ್ಲ, ಅಡಿಯಿಂದ ಬಂದಿತು. ಎಚ್ಚರವಾದಾಗ ನನ್ನ ಬೆನ್ನು ಒದ್ದೆ, ಪಕ್ಕದಲ್ಲಿ ಹುಡುಗ ಎದ್ದು ಕುಳಿತು ಸೀಟಿ ಊದಿದಂತೆ ಉಸಿರೆಳೆಯುತ್ತಿದ್ದ.

"ಮಾಮ, ಇನ್ಹೇಲರ್" ಎಂದ.

ಅದು ಪೆಟ್ಟಿಗೆಯೊಳಗಿತ್ತು. ಒದ್ದೆಯಾಗದಿರಲೆಂದು ನಾನೇ ಅದನ್ನು ತಳದಲ್ಲಿ, ಪುಸ್ತಕಗಳ ಕೆಳಗೆ, ಭದ್ರಪಡಿಸಿದ್ದೆ. ಟಾರ್ಚು ಎಲ್ಲಿತ್ತೋ ತಿಳಿಯದು. ಭಾವನ ಫೋನು ಸತ್ತಿತ್ತು; ನನ್ನದರಲ್ಲಿ ಮಿಣುಕು ಬೆಳಕು. ಕೆಸರು ಕೈಗೆ ಪೆಟ್ಟಿಗೆಯ ಜಿಪ್ಪು ಸಿಗದೆ ಜಾರುತ್ತಿತ್ತು. ಕಳೆದ ವೇಳೆ ಐದು ನಿಮಿಷವೋ ಹತ್ತೋ ನಾನು ಹೇಳಲಾರೆ. ಭಾವ ಮಗನ ಬೆನ್ನು ನೀವುತ್ತ, ಒಂದು ಮಾತನ್ನೂ ಆಡದೆ ನನ್ನ ಕೈಗಳನ್ನೇ ನೋಡುತ್ತಿದ್ದರು. ಆ ನೋಟ ನನಗೆ ಈಗಲೂ ಮರೆತಿಲ್ಲ.

ಅಷ್ಟರಲ್ಲಿ ಡೇರೆಯ ಬಾಗಿಲು ಸರಿದು, ಹಣೆಗೆ ದೀಪ ಕಟ್ಟಿಕೊಂಡ ಮುಖವೊಂದು ಒಳಗೆ ಇಣುಕಿತು. ಮೇಲಿನ ಸಾಲಿನ ಡೇರೆಯ ಅಜ್ಜಿ; ಎಪ್ಪತ್ತರ ಆಸುಪಾಸಿನ ವಯಸ್ಸು. ಆಕೆಯ ಬೆಳಕಿನಲ್ಲಿ ಔಷಧಿ ಕೂಡಲೇ ಸಿಕ್ಕಿತು. ಹುಡುಗನ ಒದ್ದೆ ಬಟ್ಟೆ ಬಿಡಿಸಿ, ತನ್ನ ಒಣಗಿದ ಮಲಗುಚೀಲದೊಳಗೆ ಅವನನ್ನು ಸುತ್ತಿ, ಇರುಳಿಡೀ ತೆರೆದಿರುವ ವೈದ್ಯರ ಡೇರೆಗೆ ದಾರಿ ತೋರಿಸುತ್ತ ಆಕೆಯೇ ಮುಂದೆ ನಡೆದಳು. ಭಾವ ಮಗನನ್ನು ಎತ್ತಿಕೊಂಡರು. ವೈದ್ಯರು ಪರೀಕ್ಷಿಸಿ, ಒಂದು ಗಂಟೆ ಕೂರಿಸಿಕೊಂಡು, ಭಯವಿಲ್ಲವೆಂದು ಕಳುಹಿಸಿದರು. ಹಿಂದಿರುಗುವಾಗ ಐದು ಗಂಟೆಗೆ ಮೊದಲೇ ಬೆಳಕು ಹರಿದಿತ್ತು. ಆ ಅಕ್ಷಾಂಶದಲ್ಲಿ ಜೂನ್ ತಿಂಗಳಿನ ರಾತ್ರಿ ಬಹಳ ಚಿಕ್ಕದು. ಅಂದು ಅದೊಂದು ಉಪಕಾರವಾಯಿತು.

ಮರುದಿನ ಆ ಅಜ್ಜಿಯಿಂದ ಕಲಿತದ್ದನ್ನೇ ಈಗ ಓದುಗರಿಗೆ ಒಪ್ಪಿಸುತ್ತಿದ್ದೇನೆ. ಡೇರೆಗೆ ಇಳಿಜಾರಿನ ನಡುಭಾಗ ಉತ್ತಮ. ತೀರ ಮೇಲಾದರೆ ಗಾಳಿ, ಕೆಳಗಾದರೆ ನೀರು. ಮಲಗುವಾಗ ತಲೆ ಏರಿನ ಕಡೆಗಿರಬೇಕು. ಮನೆಯ ಅಂಗಳದಲ್ಲಿ ಒಮ್ಮೆ ಕಟ್ಟಿ ಬಿಚ್ಚಿ ನೋಡದ ಡೇರೆಯನ್ನು ನಂಬಕೂಡದು. ಹೊರಹೊದಿಕೆ ಒಳಗಿನ ಬಟ್ಟೆಗೆ ತಾಗದಂತೆ ಹಗ್ಗಗಳನ್ನು ಬಿಗಿಯಬೇಕು. ತಾಗಿದಲ್ಲಿ ತೇವ ಒಳಗಿಳಿಯುತ್ತದೆ. ಚಳಿ ಗಾಳಿಯಿಂದ ಬರುವುದಕ್ಕಿಂತ ಹೆಚ್ಚಾಗಿ ನೆಲದಿಂದ ಬರುವುದರಿಂದ, ಹೊದೆಯಲು ಎರಡು ಕಂಬಳಿ ಒಯ್ಯುವುದಕ್ಕಿಂತ ಅಡಿಗೆ ಹಾಸಲು ಒಂದು ದಪ್ಪ ಚಾಪೆ ಒಯ್ಯುವುದು ಮೇಲು. ರಾತ್ರಿಯ ಉಡುಪು, ಕಾಲುಚೀಲಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಟ್ಟು ಹಗಲಿನಲ್ಲಿ ಏನೇ ಆದರೂ ಅದನ್ನು ಮುಟ್ಟಬಾರದು. ಎಷ್ಟೇ ಚಳಿಯಾದರೂ ಡೇರೆಯೊಳಗೆ ಒಲೆ ಹಚ್ಚಬಾರದು. ಆ ಹೊಗೆಯಲ್ಲಿ ವಾಸನೆಯಿಲ್ಲದ ವಿಷವಿರುತ್ತದೆ, ಮಲಗಿದವರು ಏಳುವುದಿಲ್ಲ. ಔಷಧಿಯೂ ದೀಪವೂ ತಲೆಯ ಬಲಗಡೆ, ದಿನವೂ ಅದೇ ಜಾಗದಲ್ಲಿ, ಕಣ್ಣು ಮುಚ್ಚಿಕೊಂಡು ಕೈ ಹಾಕಿದರೆ ಸಿಗುವಂತಿರಬೇಕು. ಇದನ್ನು ಆಕೆ ನನಗೆ ಎರಡು ಸಲ ಹೇಳಿದಳು. ನಾನು ತಲೆ ತಗ್ಗಿಸಿ ಕೇಳಿದೆ.

ಮೇಲಿನ ಸಾಲಿನಲ್ಲಿ ತನ್ನ ಪಕ್ಕದ ಇಬ್ಬರು ತರುಣರನ್ನು ಒಪ್ಪಿಸಿ ಆಕೆ ನಮಗೆ ಸ್ಥಳ ಮಾಡಿಕೊಟ್ಟಳು. ಡೇರೆ ಕಟ್ಟುವಾಗ ಹುಡುಗನನ್ನು ಕರೆದು ಗೂಟಗಳನ್ನು ಎಣಿಸಹೇಳಿದಳು. ಇಪ್ಪತ್ತೆರಡು. "ಬರೆದಿಟ್ಟುಕೋ. ಹೋಗುವಾಗಲೂ ಇಪ್ಪತ್ತೆರಡೇ ಇರಬೇಕು. ನಾವು ಹೋದಮೇಲೆ ಇಲ್ಲಿ ಹಸು ಮೇಯುತ್ತದೆ" ಎಂದಳು. ಉತ್ಸವ ಮುಗಿದ ಬಳಿಕ ಹೊಲಗಳಲ್ಲಿ ಅಯಸ್ಕಾಂತ ಎಳೆದು ಕಬ್ಬಿಣದ ಚೂರುಗಳನ್ನು ಆರಿಸುತ್ತಾರಾದರೂ, ಕೆಸರಿನಲ್ಲಿ ಹೂತದ್ದೆಲ್ಲ ಸಿಕ್ಕೀತೆಂಬ ಭರವಸೆಯೇನು?

ಅದು ಶುಕ್ರವಾರ, ಜೂನ್ 24. ಯೂರೋಪಿನ ಒಕ್ಕೂಟದಿಂದ ಬ್ರಿಟನ್ ಹೊರಬರಬೇಕೆಂಬ ಜನಮತದ ಫಲಿತಾಂಶ ಆ ಬೆಳಗ್ಗೆ ಪ್ರಕಟವಾಗಿತ್ತು. ರಾತ್ರಿಯೆಲ್ಲ ಕುಣಿದ ಹೊಲ ಅಂದು ಮುಂಜಾನೆ ವಿಚಿತ್ರವಾಗಿ ಮೌನವಾಗಿತ್ತು. ಅಲ್ಲಲ್ಲಿ ಗುಂಪಾಗಿ ಜನ ಫೋನುಗಳ ಸುತ್ತ ತಲೆ ಬಾಗಿಸಿ ನಿಂತಿದ್ದರು. ಅಜ್ಜಿ ಚಹದ ಬಟ್ಟಲನ್ನು ಎರಡು ಕೈಯಲ್ಲಿ ಹಿಡಿದು ಬಹಳ ಹೊತ್ತು ಬೇಲಿಯ ಕಡೆ ನೋಡುತ್ತ ಕುಳಿತಿದ್ದಳು. ಆಕೆಯ ಮತ ಯಾವ ಕಡೆಗೆಂದು ನಾವು ಕೇಳಲಿಲ್ಲ. ಭಾವ ಅಕ್ಕ ಕಟ್ಟಿಕೊಟ್ಟಿದ್ದ ಗೊಜ್ಜವಲಕ್ಕಿಯ ಡಬ್ಬಿ ಬಿಚ್ಚಿ ಆಕೆಯ ಮುಂದಿಟ್ಟರು. ಖಾರಕ್ಕೆ ಕಣ್ಣೊರೆಸಿಕೊಳ್ಳುತ್ತ ಆಕೆ ಎರಡನೆಯ ಸಲವೂ ಹಾಕಿಸಿಕೊಂಡಳು.

ಊಟದ ವಿಷಯದಲ್ಲಿ ಸಸ್ಯಾಹಾರಿಗಳು ಹೆದರಬೇಕಾಗಿಲ್ಲ. ಅಂಗಡಿಗಳು ಬೇಕಾದಷ್ಟಿವೆ, ಹರೇ ಕೃಷ್ಣ ಪಂಥದವರ ಡೇರೆಯಲ್ಲಿ ಊಟ ಉಚಿತವಾಗಿಯೂ ದೊರೆಯುತ್ತದೆ. ಕುಡಿಯುವ ನೀರಿಗೆ ಎಲ್ಲೆಲ್ಲೂ ನಲ್ಲಿಗಳಿವೆ; 2019ರಿಂದೀಚೆಗೆ ಒಮ್ಮೆ ಬಳಸಿ ಎಸೆಯುವ ಪ್ಲಾಸ್ಟಿಕ್ ಸೀಸೆಗಳ ಮಾರಾಟವನ್ನು ನಿಷೇಧಿಸಿದ್ದಾರೆ, ಆದುದರಿಂದ ತುಂಬಿಕೊಳ್ಳುವ ಸೀಸೆ ಒಯ್ಯಬೇಕು. ಗಾಜನ್ನು ಒಳಗೆ ಬಿಡುವುದಿಲ್ಲ. ಬೆಲೆಬಾಳುವ ವಸ್ತುಗಳನ್ನು ಒಪ್ಪಿಸಲು ಕಾವಲಿನ ಕೊಠಡಿಗಳಿವೆ, ಶುಲ್ಕವಿಲ್ಲ. ಶೌಚದ ವಿಷಯ ಸಭ್ಯರ ಪತ್ರಿಕೆಯಲ್ಲಿ ಬರೆಯತಕ್ಕದ್ದಲ್ಲವೆಂದು ಬಿಟ್ಟರೆ ಪ್ರಯಾಣಿಕರಿಗೆ ದ್ರೋಹ ಬಗೆದಂತಾದೀತು. ಆಳದ ಗುಂಡಿಯ ಮೇಲೆ ಹಲಗೆ ಹೊದಿಸಿದ, ಮೇಲೆ ಆಕಾಶವೇ ಚಾವಣಿಯಾದ ಸಾಲು ಕೋಣೆಗಳು. ಅಲ್ಲಿ ಚೆಂಬೂ ಇಲ್ಲ, ನೀರೂ ಇಲ್ಲ, ಕೆಲವೊಮ್ಮೆ ಕಾಗದವೂ ಇಲ್ಲ. ಎರಡನ್ನೂ ಜೊತೆಯಲ್ಲಿ ಕೊಂಡೊಯ್ಯುವುದೇ ಜಾಣತನ. ಬೇಸರದಿಂದ ಬೇಲಿಯ ಮರೆಗೆ ಹೋಗುವುದು ಮಾತ್ರ ಅಲ್ಲಿ ದೊಡ್ಡ ಅಪರಾಧ. ಆ ಹೊಲಗಳ ನಡುವೆ ಸಣ್ಣ ಹೊಳೆಯೊಂದು ಹರಿಯುತ್ತದೆ; ಎರಡು ಲಕ್ಷ ಜನರ ಉದಾಸೀನ ಅದರ ಮೀನುಗಳಿಗೆ ವಿಷವಾಗುತ್ತದೆ.

ಕೆಸರಿನ ವರ್ಷವೇ ಬರಬೇಕೆಂದಿಲ್ಲ. 2025ರಲ್ಲಿ ಬಿಸಿಲೇ ಕಾಟವಾಯಿತೆಂದು ಭಾವ ಬರೆದಿದ್ದರು. ಬಿಸಿಲಿನ ದಿನ ಬೆಳಗ್ಗೆ ಏಳಕ್ಕೇ ಡೇರೆ ಇಡ್ಲಿಪಾತ್ರೆಯಾಗುತ್ತದೆ. ಆದಕಾರಣ ಗಂಬೂಟು ಮತ್ತು ಅಗಲವಾದ ಟೊಪ್ಪಿ ಎರಡೂ ಬೇಕು. ಇನ್ನು ರಾತ್ರಿ ವೇದಿಕೆಯಿಂದ ಹಿಂದಿರುಗಿದಾಗ ಸಾವಿರಾರು ಡೇರೆಗಳು ಒಂದೇ ತೆರನಾಗಿ ಕಾಣುತ್ತವೆ. ಹುಡುಗ ತನ್ನ ಕೆಂಪು ಟವಲನ್ನು ಕೋಲಿಗೆ ಕಟ್ಟಿ ನೆಟ್ಟದ್ದರಿಂದ ನಾವು ದಾರಿ ತಪ್ಪಲಿಲ್ಲ. ಮಕ್ಕಳ ಮುಂಗೈಯ ಮೇಲೆ ತಂದೆಯ ಫೋನು ಸಂಖ್ಯೆಯನ್ನು ಅಳಿಸಿಹೋಗದ ಶಾಯಿಯಲ್ಲಿ ಬರೆಯುವುದು ಒಳ್ಳೆಯದು.

ಸಂಗೀತದ ಮಾತೇ ಬರಲಿಲ್ಲವೆಂದು ಓದುಗರು ಆಕ್ಷೇಪಿಸಬಹುದು. ಶನಿವಾರ ರಾತ್ರಿ ಪಿರಮಿಡ್ ವೇದಿಕೆಯಲ್ಲಿ ಅಡೆಲ್ ಹಾಡಿದರು. ಹಾಡಿನ ನಡುನಡುವೆ ಜಗಲಿಯ ಮೇಲೆ ಕುಳಿತ ನೆರೆಮನೆಯ ಹೆಂಗಸಿನಂತೆ ಜನರೊಡನೆ ಹರಟೆ ಹೊಡೆದರು, ಕೆಲವು ಬೈಗುಳಗಳೂ ಬಂದುವು. ನನಗೆ ಅರ್ಧ ಮಾತು ತಿಳಿಯಲಿಲ್ಲ. ಆದರೆ ಕತ್ತಲೆಯಲ್ಲಿ, ಮೊಳಕಾಲುದ್ದ ಕೆಸರಿನಲ್ಲಿ ನಿಂತ ಅಷ್ಟೊಂದು ಜನ ಒಟ್ಟಾಗಿ ಮೆಲುದನಿಯಲ್ಲಿ ಹಾಡತೊಡಗಿದಾಗ ಹುಡುಗ ನನ್ನ ಹೆಗಲ ಮೇಲಿದ್ದ. ಅವನ ಉಸಿರು ಸರಾಗವಾಗಿ ನಡೆಯುತ್ತಿರುವುದು ನನ್ನ ಕತ್ತಿಗೆ ತಿಳಿಯುತ್ತಿತ್ತು. ನನ್ನ ಕಾಲುಗಳೂ ಆ ಹೊತ್ತಿನಲ್ಲಿ ಒಣಗಿದ್ದುವು.

ಸೋಮವಾರ ಬೆಳಗ್ಗೆ ಹೊಲದ ಚಿತ್ರವೇ ಬೇರೆ. ಅನೇಕರು ಕೆಸರಾದ ಡೇರೆಗಳನ್ನು ಹಾಗೆಯೇ ಬಿಟ್ಟು ಹೊರಟಿದ್ದರು. ಈಚೆಗೆ ಈ ಚಾಳಿ ತಗ್ಗಿದೆ. 2019ರಲ್ಲಿ ಶೇಕಡಾ 99ಕ್ಕೂ ಹೆಚ್ಚು ಡೇರೆಗಳು ಮನೆಗೆ ಮರಳಿದುವೆಂದು ಸಂಘಟಕರು ಹೇಳಿದ್ದಾರೆ. ನಾವು ಬಿಚ್ಚಿ ಮಡಿಸಿದೆವು. ಒದ್ದೆ ಡೇರೆ ಬರುವಾಗಿನದಕ್ಕಿಂತ ಎರಡರಷ್ಟು ಭಾರವಾಗಿತ್ತು. ಹುಡುಗ ಗೂಟಗಳನ್ನು ಎಣಿಸಿದ. ಇಪ್ಪತ್ತೊಂದು.

"ಒಂದು ತಾನೆ, ಹೋಗಲಿ ಬಾರೋ, ಹೊತ್ತಾಯಿತು" ಎಂದರು ಭಾವ.

"ಹಸು ತುಳಿದರೆ?" ಎಂದು ಹುಡುಗ ಅಲ್ಲೇ ನಿಂತ.

ಅಜ್ಜಿ ಆಗಲೇ ಹೊರಟುಹೋಗಿದ್ದಳು. ನಾವು ಮೂವರೂ ಮೊಣಕಾಲೂರಿ ಕೆಸರನ್ನು ಬೆರಳಿನಿಂದ ಸೋಸಿದೆವು. ಇಪ್ಪತ್ತು ನಿಮಿಷದ ಮೇಲೆ, ಡೇರೆಯ ಮೂಲೆಯಿದ್ದ ಕಡೆ, ಒಂದು ಗೇಣು ಆಳದಲ್ಲಿ ಅದು ಭಾವನ ಕೈಗೆ ತಾಗಿತು.

ಮನೆಯಲ್ಲಿ ಅಕ್ಕ ನಮ್ಮಿಬ್ಬರ ಕಡೆ ನೋಡದೆ ಮೊದಲು ಮಗನ ಎದೆಗೆ ಕಿವಿಯಿಟ್ಟಳು. ಡೇರೆಯನ್ನು ತೊಳೆದು, ಹಿತ್ತಿಲಿನಲ್ಲಿ ಹಗ್ಗ ಕಟ್ಟಿ ಮೂರು ದಿನ ಒಣಗಿಸಿದೆವು. ತೇವವಿರುವಾಗಲೇ ಸುತ್ತಿಟ್ಟರೆ ಬೂಷ್ಟು ಹಿಡಿದು ಬಟ್ಟೆ ಹಾಳಾಗುತ್ತದೆ. ಇಪ್ಪತ್ತೆರಡನೆಯ ಗೂಟ ಸೊಟ್ಟಗಾಗಿತ್ತು. ಭಾವ ಅದನ್ನು ಹಿತ್ತಿಲ ಕಲ್ಲಿನ ಮೇಲಿಟ್ಟು ಸುತ್ತಿಗೆಯಿಂದ ತಟ್ಟಿ ನೇರಮಾಡಿದರು.